ಕ್ಯಾಮೆರಾ ಕಸಿದ ಕಣ್ಕಟ್ಟು

2013ರಲ್ಲಿ ಬಂದ ‘ನೌ ಯು ಸೀ ಮಿ’ ಚಿತ್ರದ ತಾರಾಗಣ ಯಾವ ನಿರ್ದೇಶಕನಿಗೂ ಆಸೆ ಹುಟ್ಟಿಸುವಂಥದ್ದು: ಜೆಸ್ಸಿ ಐಸೆನ್‌ಬರ್ಗ್, ವುಡಿ ಹ್ಯಾರೆಲ್ಸನ್, ಐಲಾ ಫಿಶರ್, ಮಾರ್ಕ್ ರಫಲೋ, ಸಾಲದ್ದಕ್ಕೆ ಮೈಕಲ್ ಕೇನ್ ಮತ್ತು ಮಾರ್ಗನ್ ಫ್ರೀಮನ್. ನಾಲ್ವರು ಜಾದೂಗಾರರು ಲಾಸ್ ವೇಗಸ್‌ನ ರಂಗದ ಮೇಲೆ ನಿಂತುಕೊಂಡೇ ಪ್ಯಾರಿಸ್ಸಿನ ಬ್ಯಾಂಕಿಗೆ ಕನ್ನ ಹಾಕುತ್ತಾರೆ ಎಂಬ ಎಳೆಯೂ ಸೊಗಸಾಗಿದೆ. ಆದರೂ ನೋಡಿ ಎದ್ದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ತಿರುವುಗಳು ಅತಿಯಾದವು, ಪಾತ್ರಗಳಲ್ಲಿ ಜೀವವಿಲ್ಲ ಎಂಬ ದೂರುಗಳು ಸುಳ್ಳಲ್ಲ. ಆದರೆ ಈ ರೋಗ ನಿರ್ದೇಶಕ ಲೂಯಿ ಲೆಟೆರಿಯೆ ಹುಟ್ಟುವುದಕ್ಕೂ ಬಹಳ ಹಿಂದಿನದು, ಸಿನಿಮಾದಷ್ಟೇ ಹಳೆಯದು.

ಗಡಿಯಾರದ ಕಸುಬಿನಿಂದ ಬಂದ ರೊಬೇರ್-ಊದಾಂ 1845ರಲ್ಲಿ ಪ್ಯಾರಿಸ್ಸಿನಲ್ಲಿ ಜಾದೂವಿಗೆಂದೇ ಒಂದು ಪುಟ್ಟ ರಂಗಮಂದಿರ ತೆರೆದರು. 1888ರಲ್ಲಿ ಆ ಮಂದಿರವನ್ನು ಕೊಂಡವರು ಜಾರ್ಜ್ ಮೆಲಿಯೆ. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ನೋಡಿ ಮರುಳಾದ ಮೆಲಿಯೆ ಯಂತ್ರವನ್ನು ಕೊಡಿ ಎಂದು ಕೇಳಿದರು, ಅವರು ಒಪ್ಪಲಿಲ್ಲ. ಲಂಡನ್ನಿನಿಂದ ಬೇರೊಂದು ಯಂತ್ರ ತಂದು, ಮರುವರ್ಷವೇ ತಮ್ಮ ರಂಗದ ಒಂದು ಜನಪ್ರಿಯ ಕಣ್ಕಟ್ಟನ್ನು ಚಿತ್ರೀಕರಿಸಿದರು. ಕುರ್ಚಿಯ ಮೇಲೆ ಕೂತ ಹೆಂಗಸಿಗೆ ಬಟ್ಟೆ ಹೊದಿಸಿ ಮಾಯ ಮಾಡುವ ಆಟ ಅದು. ರಂಗದಲ್ಲಿ ಕುರ್ಚಿಯ ಕೆಳಗೆ ದಿನಪತ್ರಿಕೆ ಹಾಸುವ ಪದ್ಧತಿಯಿತ್ತು. ನೆಲದಲ್ಲಿ ಕಳ್ಳಬಾಗಿಲು ಇಲ್ಲವೆಂದು ತೋರಿಸಲು ಅದು ಸಾಕ್ಷಿ; ಆ ಪತ್ರಿಕೆಯಲ್ಲೇ ಜಾಣತನದಿಂದ ಕಿಂಡಿ ಕೊಯ್ದಿರುತ್ತಿದ್ದರು ಎನ್ನುವುದು ಬೇರೆ ಮಾತು. ಮೆಲಿಯೆ ಚಿತ್ರದಲ್ಲೂ ಪತ್ರಿಕೆ ಹಾಸುತ್ತಾರೆ. ಆದರೆ ಇಲ್ಲಿ ಕಳ್ಳಬಾಗಿಲಿನ ಅಗತ್ಯವೇ ಇಲ್ಲ. ಕ್ಯಾಮೆರಾ ನಿಲ್ಲಿಸಿದರು, ಹೆಂಗಸು ಎದ್ದು ಹೋದಳು, ಮತ್ತೆ ಕ್ಯಾಮೆರಾ ತಿರುಗಿಸಿದರು. ಹಾಸಿದ ಪತ್ರಿಕೆ ಯಾವುದಕ್ಕೂ ಸಾಕ್ಷಿಯಾಗದೆ ಸುಮ್ಮನೆ ಬಿದ್ದಿದೆ. ಜಾದೂಗಾರ ಮತ್ತು ನೋಡುಗರ ನಡುವಿನ ಹಳೆಯ ಕರಾರು ಮುರಿದುಬಿದ್ದದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

ಆ ಕರಾರು ಇಷ್ಟೇ: ‘ನಾನು ಮೋಸ ಮಾಡುತ್ತೇನೆ, ಆದರೆ ನಿನ್ನ ಕಣ್ಣೆದುರಿಗೇ ಮಾಡುತ್ತೇನೆ.’ ಇದರ ಬೆಲೆ ಎಷ್ಟೆಂದು ಹ್ಯಾರಿ ಹೂಡಿನಿಗೆ ತಡವಾಗಿ ತಿಳಿಯಿತು. ಬೇಡಿ ಬಿಚ್ಚಿಕೊಳ್ಳುವುದರಲ್ಲಿ ಜಗತ್ತನ್ನೇ ಬೆರಗುಗೊಳಿಸಿದ್ದ ಹೂಡಿನಿ, 1918ರ ಸುಮಾರಿಗೆ ಸಿನಿಮಾಕ್ಕೆ ಇಳಿದು, ಸ್ವಂತ ಕಂಪನಿ ಕಟ್ಟಿ, 1923ರ ಹೊತ್ತಿಗೆ ಅದರಿಂದ ಕೈತೊಳೆದುಕೊಂಡರು. ‘ದ ಗ್ರಿಮ್ ಗೇಮ್’ ಚಿತ್ರೀಕರಣದಲ್ಲಿ ಎರಡು ವಿಮಾನಗಳು ಆಕಾಶದಲ್ಲಿ ನಿಜವಾಗಿಯೇ ಡಿಕ್ಕಿ ಹೊಡೆದಿದ್ದವು, ಅದು ಕ್ಯಾಮೆರಾದಲ್ಲೂ ಸೆರೆಯಾಗಿತ್ತು. ಆದರೆ ಹಗ್ಗಕ್ಕೆ ನೇತಾಡುತ್ತಿದ್ದವರು ಹೂಡಿನಿಯಲ್ಲ, ಬದಲಿ ಸಾಹಸಿ. ತೆರೆಯ ಮೇಲೆ ಹೂಡಿನಿಗೂ ಬೇರೆ ನಾಯಕರಿಗೂ ಅಂತರ ಉಳಿಯಲಿಲ್ಲ. ಇದಕ್ಕೆ ತದ್ವಿರುದ್ಧವಾದ ಘಟನೆ 1956ರ ಏಪ್ರಿಲ್ 9ರಂದು ಬಿಬಿಸಿಯ ‘ಪನೋರಮಾ’ ನೇರಪ್ರಸಾರದಲ್ಲಿ ನಡೆಯಿತು. ಬಂಗಾಳದ ಪಿ.ಸಿ. ಸರ್ಕಾರ್ ವಿದ್ಯುತ್ ಗರಗಸದಿಂದ ಸಹಾಯಕಿಯನ್ನು ಎರಡು ಭಾಗ ಮಾಡಿದರು. ಆಕೆ ಎದ್ದು ನಿಲ್ಲುವ ಮೊದಲೇ ಸಮಯ ಮುಗಿದು ಕಾರ್ಯಕ್ರಮ ನಿಂತುಹೋಯಿತು. ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ಜನ ಬಿಬಿಸಿಗೆ ಫೋನಿನ ಮೇಲೆ ಫೋನು ಮಾಡಿದರು. ಪೆಟ್ಟಿಗೆಯೊಳಗಿನ ಕಪ್ಪುಬಿಳುಪು ಚಿತ್ರವನ್ನೂ ಅವರು ನಂಬಿದ್ದು, ಅದು ಆ ಕ್ಷಣದಲ್ಲೇ, ಕತ್ತರಿ ಬೀಳದೆ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ.

ಕನ್ನದ ಚಿತ್ರಗಳ ಕರಾರು ಬೇರೆ. ಅಲ್ಲಿ ಮುಚ್ಚುಮರೆಯಲ್ಲ, ಕೆಲಸದ ವಿವರವೇ ರುಚಿ. 1955ರ ಫ್ರೆಂಚ್ ಚಿತ್ರ ‘ರಿಫಿಫಿ’ಯಲ್ಲಿ ಕಳ್ಳತನ ಸುಮಾರು ಅರ್ಧ ಗಂಟೆ ಮಾತೂ ಸಂಗೀತವೂ ಇಲ್ಲದೆ ನಡೆಯುತ್ತದೆ. ಮೇಲಿನ ಮಹಡಿಯ ನೆಲ ಕೊರೆಯುವವರು ತೂತಿನಿಂದ ಕೊಡೆ ಇಳಿಸಿ, ಕೆಳಗೆ ಅರಳಿಸಿ, ಬೀಳುವ ಗಾರೆಯನ್ನು ಸದ್ದಾಗದಂತೆ ಹಿಡಿಯುತ್ತಾರೆ. ಉಸಿರು ಬಿಗಿಹಿಡಿಸುವುದು ಆ ಕೊಡೆ. ‘ನೌ ಯು ಸೀ ಮಿ’ ಈ ಎರಡು ಕರಾರುಗಳಲ್ಲಿ ಒಂದನ್ನೂ ಪಾಲಿಸುವುದಿಲ್ಲ. ಬ್ಯಾಂಕಿನ ಗುಟ್ಟನ್ನು ಫ್ರೀಮನ್ ಪಾತ್ರ ಕೆಲಸ ಮುಗಿದ ಮೇಲೆ ಮಾತಿನಲ್ಲಿ ಒಪ್ಪಿಸುತ್ತದೆ. ಸೋಪಿನ ಗುಳ್ಳೆಯೊಳಗೆ ತೇಲುವ ಹೆಣ್ಣಿನಂಥ ದೃಶ್ಯಗಳ ಹಿಂದೆ ಕೈಚಳಕವೇ ಇಲ್ಲ. ಉಳಿದ ತೊಡಕುಗಳನ್ನೆಲ್ಲ ಸಮ್ಮೋಹನದ ತಲೆಗೆ ಕಟ್ಟಿದರಾಯಿತು.

ಹಾಗಾದರೆ 2006ರ ‘ದ ಪ್ರೆಸ್ಟೀಜ್’ ಹೇಗೆ ಗೆದ್ದಿತು, ಅಲ್ಲಿಯೂ ಮೈಕಲ್ ಕೇನ್ ಇದ್ದರಲ್ಲ ಎಂದು ಕೇಳಬಹುದು. ಆ ಚಿತ್ರ ಆಟಕ್ಕೆ ಬೆರಗಾಗಿರೆಂದು ನಮ್ಮನ್ನು ಕೇಳುವುದೇ ಇಲ್ಲ. ಆಟಕ್ಕಾಗಿ ಆಡುವವರು ತೆರುವ ಬೆಲೆಯನ್ನು ತೋರಿಸುತ್ತದೆ, ಗುಟ್ಟನ್ನು ಮೊದಲಿನಿಂದಲೂ ನಮ್ಮ ಕಣ್ಣೆದುರಿಗೇ ಇಟ್ಟಿರುತ್ತದೆ. 7.5 ಕೋಟಿ ಡಾಲರಿನ ‘ನೌ ಯು ಸೀ ಮಿ’ ಸುಮಾರು 35 ಕೋಟಿ ಗಳಿಸಿ, ಮುಂದಿನ ಭಾಗಗಳನ್ನೂ ಹುಟ್ಟಿಸಿದೆಯಲ್ಲ ಎಂಬ ಆಕ್ಷೇಪ ಇನ್ನೊಂದು. ಜನ ಬಂದದ್ದು ನಿಜ. ತಾರೆಯರೂ ಓಟವೂ ಟಿಕೆಟ್ ಮಾರಬಲ್ಲವು, ಅದರಿಂದ ಆಟ ಚೆನ್ನಾಗಿತ್ತೆಂದು ರುಜುವಾತಾಗುವುದಿಲ್ಲ. ಹೆಚ್ಚು ಗಟ್ಟಿಯಾದ ಆಕ್ಷೇಪ ಚಿತ್ರದೊಳಗೇ ಇದೆ. ಆರಂಭದಲ್ಲಿ ಐಸೆನ್‌ಬರ್ಗ್ ಇಸ್ಪೀಟು ಕಟ್ಟನ್ನು ಸರ್ರನೆ ಬಿಡಿಸುತ್ತಾ ಹುಡುಗಿಯೊಬ್ಬಳಿಗೆ ಒಂದು ಎಲೆ ನೆನಪಿಟ್ಟುಕೊಳ್ಳಲು ಹೇಳುತ್ತಾರೆ. ಡೈಮಂಡ್ ಏಳು ಉಳಿದ ಎಲೆಗಳಿಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಹೊತ್ತು ಕಣ್ಣಿಗೆ ಬೀಳುತ್ತದೆ. ಕತೆಯಲ್ಲಿನ ಹುಡುಗಿಯಂತೆ ಚಿತ್ರಮಂದಿರದ ನೋಡುಗನೂ ಅದನ್ನೇ ಹಿಡಿದಿರುವ ಸಂಭವ ಹೆಚ್ಚು. ಷಿಕಾಗೋದ ಗಗನಚುಂಬಿಯ ದೀಪಗಳಲ್ಲಿ ಅದೇ ಎಲೆ ಬೆಳಗಿದಾಗ ಬೆಚ್ಚುವವನು ಅವನೇ. ಕ್ಯಾಮೆರಾದ ಮುಂದೆಯೂ ಜಾದೂ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಮುಂದಿನ ನೂರಕ್ಕೂ ಹೆಚ್ಚು ನಿಮಿಷಗಳಲ್ಲಿ ಚಿತ್ರ ಇಂಥದಕ್ಕೆ ಮತ್ತೆ ಕೈಹಾಕುವುದಿಲ್ಲ.