ತಂತಿಯ ಮೇಲಣ ತರಂಗ: ಶಕ್ತಿವ್ಯಯದ ಒಂದು ಇತಿಹಾಸ

ಕಲ್ಯಾಣ, ಡೊಂಬಿವಿಲಿಗಳಿಂದ ಠಾಣೆಯತ್ತ ನಿತ್ಯವೂ ಪಯಣಿಸುವ ನಮಗೆ ರೈಲುಹಾದಿಯ ಮೇಲಣ ತಂತಿ ಚಿರಪರಿಚಿತವಾದುದು. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಅದು ಲೋಹದೊಳಗೆ ಹರಿಯುವುದೆಂದು ತಿಳಿಯುವುದು ವಾಡಿಕೆ. ಆವೃತ್ತಿ ಕೋಟ್ಯಂತರವಾದಾಗ ಈ ತಿಳಿವಳಿಕೆ ಸಾಲದು. ಆಗ ತರಂಗವು ತಂತಿಯನ್ನು ಆಸರೆಯಾಗಿ ಹಿಡಿದು ಸುತ್ತಣ ಗಾಳಿಯಲ್ಲಿ ಸಾಗುತ್ತದೆ. ಇದೇ ಮೇಲ್ಮೈ ತರಂಗ. ಇದರ ಶಕ್ತಿವ್ಯಯದ ವಿಚಾರದಲ್ಲಿ ಬೆಂಗಳೂರು ನಡೆಸಿದ ಕೃಷಿಯನ್ನು ಕನ್ನಡಿಗರೇ ಮರೆತಂತಿದೆ.

ಒಂಟಿ ತಂತಿಯ ಮೇಲೆ ಇಂಥ ತರಂಗವು ಸಾಗಬಲ್ಲುದೆಂದು 1899ರಲ್ಲಿ ಗಣಿತದಿಂದ ತೋರಿಸಿದವನು ಜರ್ಮನಿಯ ಸಾಮರ್‌ಫೆಲ್ಡ್. ಲೋಹವು ಪರಿಪೂರ್ಣ ವಾಹಕವಲ್ಲದಿರುವುದೇ ತರಂಗವನ್ನು ಹಿಡಿದಿಡುತ್ತದೆ; ಶಕ್ತಿಯನ್ನು ಕಳೆಯುವುದೂ ಅದೇ. ನುಣುಪಾದ ತಂತಿಯ ಹಿಡಿತ ಬಲು ಸಡಿಲವಾದುದರಿಂದ, ತಂತಿ ಬಾಗಿದೆಡೆಯಲ್ಲಿ ಶಕ್ತಿಯು ಬಯಲಿಗೆ ಸೋರುತ್ತದೆ. 1950ರಲ್ಲಿ ಗೌಬೌ ಎಂಬಾತನು ತಂತಿಗೆ ತೆಳುವಾದ ಅವಾಹಕ ಲೇಪವನ್ನು ಕೊಟ್ಟರೆ ಹಿಡಿತ ಬಿಗಿಯಾಗುವುದೆಂದು ತೋರಿಸಿದನು.

ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿಶಿರಕುಮಾರ ಚಟರ್ಜಿಯವರೂ ರಾಜೇಶ್ವರಿ ಚಟರ್ಜಿಯವರೂ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನದ ಮಗಳಾದ ರಾಜೇಶ್ವರಿಯವರು (1922-2010) ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, 1943ರಲ್ಲಿ ಸಂಸ್ಥೆಯನ್ನು ಸೇರಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು 1953ರಲ್ಲಿ ಹಿಂದಿರುಗಿದವರು. ಅವಾಹಕ ಪದರಗಳಲ್ಲಿ ಹುದುಗಿದ ತಂತಿಯ ಮೇಲೆ ಸೂಕ್ಷ್ಮತರಂಗಗಳು ಹೇಗೆ ಸಾಗುತ್ತವೆ, ಎಷ್ಟು ಕ್ಷೀಣಿಸುತ್ತವೆ ಎಂಬಂಥ ಪ್ರಶ್ನೆಗಳನ್ನು ಕುರಿತ ಲೇಖನಗಳು ಸಂಸ್ಥೆಯ ಪತ್ರಿಕೆಯಲ್ಲಿಯೇ ಪ್ರಕಟವಾದವು.

ಅರ್ಧಶತಮಾನದ ತರುವಾಯ ಈ ಪ್ರಶ್ನೆ ಹೊಸ ವೇಷದಲ್ಲಿ ಬಂದಿತು. ಟೆರಾಹರ್ಟ್ಸ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಕಂಪನಗಳ ಆವೃತ್ತಿ. ಆಗ ತರಂಗದ ಉದ್ದ 0.3 ಮಿಲಿಮೀಟರು. 2004ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ವಾಂಗ್ ಮತ್ತು ಮಿಟಲ್‌ಮನ್ ಬರಿಯ ಉಕ್ಕಿನ ತಂತಿಯ ಮೇಲೆ ಇಂಥ ತರಂಗಗಳನ್ನು ನಡೆಸಿದರು. ಕ್ಷೀಣತೆ ಸೆಂಟಿಮೀಟರಿಗೆ 0.03ಕ್ಕಿಂತ ಕಡಿಮೆ, ಎಂದರೆ ತರಂಗದ ಎತ್ತರದಲ್ಲಿ ಸುಮಾರು ನೂರಕ್ಕೆ ಮೂರರೊಳಗಿನ ಇಳಿತ. ಆದರೆ ಹಿಡಿತ ಮಾತ್ರ ಹಿಂದಿನಂತೆಯೇ ಸಡಿಲ. ತಂತಿಯ ಸುತ್ತ ಸಮಾನ ಅಂತರದಲ್ಲಿ ಬಳೆಯಾಕಾರದ ಕಚ್ಚುಗಳನ್ನು ಕೊರೆದರೆ ತರಂಗವು ಹತ್ತಿರಕ್ಕೆ ಬಂದು ಅಂಟುವುದೆಂದು ಮೈಯರ್ ಮತ್ತು ಸಂಗಡಿಗರು 2006ರಲ್ಲಿ ಗಣನೆಯಿಂದ ತೋರಿಸಿದರು. ಅಂಟಿದ ತರಂಗವು ನಿಧಾನವಾಗುತ್ತದೆ, ಲೋಹದೊಡನೆ ಅದರ ಸಂಪರ್ಕ ಹೆಚ್ಚುತ್ತದೆ, ವ್ಯಯವೂ ಏರುತ್ತದೆ.

ಹಿಡಿತ ಬಿಗಿಯಾದಷ್ಟೂ ನಷ್ಟ ಹೆಚ್ಚು, ನಷ್ಟ ತಗ್ಗಿದಷ್ಟೂ ಹಿಡಿತ ಸಡಿಲ: ಲೇಪವಿರಲಿ, ಕಚ್ಚುಗಳಿರಲಿ, ಈ ಲೆಕ್ಕ ತಪ್ಪದು. ಬೆಂಗಳೂರಿನವರು ಆಗಲೇ ಕೈಹಾಕಿದ್ದ ಲೆಕ್ಕವಿದು. ಸಂಸ್ಥೆಯ ಪತ್ರಿಕೆಯ ಆ ಹಳೆಯ ಸಂಪುಟಗಳನ್ನು ಕನ್ನಡದಲ್ಲಿ ಪರಿಚಯಿಸುವ ಕೆಲಸ ನಮ್ಮ ವಿದ್ವಾಂಸರಿಗೆ ಸೇರಿದ್ದು. ಸಾಹಿತ್ಯದ ಇತಿಹಾಸಕ್ಕೆ ತೋರುವ ಶ್ರದ್ಧೆಯನ್ನು ವಿಜ್ಞಾನದ ಇತಿಹಾಸಕ್ಕೂ ತೋರದಿದ್ದರೆ, ನಾಡಿನ ನೆನಪಿನಲ್ಲಿ ಆಗುವ ವ್ಯಯವನ್ನು ಯಾವ ಲೇಪವೂ ತಡೆಯಲಾರದು.