ಗಂಧದ ಎಣ್ಣೆ, ಬೆಂಕಿಪುರದ ಕಬ್ಬಿಣ

ಸಂಶೋಧನೆಗೆ ಹಾಕಿದ ಹಣ ಕಾರ್ಖಾನೆಗೆ ಖರ್ಚೋ, ಬಂಡವಾಳವೋ? ಹಳೆಯ ಮೈಸೂರು ಸಂಸ್ಥಾನದ ಎರಡು ಉದ್ಯಮಗಳು ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಕೊಟ್ಟಿವೆ.

ಮೊದಲನೆಯದು ಶ್ರೀಗಂಧ. 1914ರವರೆಗೆ ಸಂಸ್ಥಾನದ ಗಂಧದ ಮರ ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು. ಮರದ ಬೆಲೆ ಮೈಸೂರಿಗೆ, ಎಣ್ಣೆಯ ಲಾಭ ಪರದೇಶಕ್ಕೆ. ಮಹಾಯುದ್ಧ ಆ ವ್ಯಾಪಾರವನ್ನು ನಿಲ್ಲಿಸಿತು. ಆಗ ಆಲ್‌ಫ್ರೆಡ್ ಚಾಟರ್‌ಟನ್ ಅವರ ಮುತುವರ್ಜಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಗಳು ನಡೆದವು. ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ತಲೆಯೆತ್ತಿದವು. 1918ರಲ್ಲಿ ಸಾಬೂನೂ ಬಂತು. ಕಚ್ಚಾ ಮಾಲು ನಮ್ಮದೇ, ಅದನ್ನು ಎಣ್ಣೆಯಾಗಿಸುವ ವಿದ್ಯೆಯೂ ನಮ್ಮಲ್ಲೇ. ಆದ್ದರಿಂದ ಪ್ರಯೋಗಾಲಯಕ್ಕೆ ಹಾಕಿದ ಹಣ ಬೇಗನೆ ಫಲ ಕೊಟ್ಟಿತು.

ಎರಡನೆಯದು ಭದ್ರಾವತಿ, ಅಂದರೆ ಹಿಂದಿನ ಬೆಂಕಿಪುರ. ಕೆರೆಬಿಳಚಿ ಇರುವ ಚನ್ನಗಿರಿ ತಾಲ್ಲೂಕಿಗೂ ಭದ್ರಾವತಿಗೂ ಗಡಿ ಒಂದೇ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಎರಡೂ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಇಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಿಲಿನಿಂದ ಕರಗಿಸುವ ಯೋಜನೆ ಸಿದ್ಧವಾಯಿತು. ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲಿನ ಜೊತೆಗೆ ಮರದ ಮದ್ಯಸಾರ, ಅಸಿಟೇಟ್, ಟಾರು ಸಿಗುತ್ತವೆ. ಈ ಉಪ ಉತ್ಪನ್ನಗಳ ಮಾರಾಟವೂ ಯೋಜನೆಯ ಲೆಕ್ಕದಲ್ಲಿ ಸೇರಿತ್ತು. ವಿನ್ಯಾಸ ಅಮೆರಿಕದ ತಜ್ಞರದು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಂಡಾಗ ಕಾಲ ಬದಲಾಗಿತ್ತು. ಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ಅದೇ ವರ್ಷ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕಲ್ಲಿದ್ದಲಿನಿಂದ ಪಡೆದ ಅನಿಲದಿಂದ ಮೆಥನಾಲ್ ತಯಾರಿಸತೊಡಗಿತು. ಮರದ ಮದ್ಯಸಾರವೆಂದರೆ ಇದೇ ಮೆಥನಾಲ್. ಸೌದೆ ಸುಟ್ಟು ಅದನ್ನು ಪಡೆಯುವ ಉದ್ಯಮಕ್ಕೆ ಪ್ರಪಂಚದಾದ್ಯಂತ ಹೊಡೆತ ಬಿದ್ದಿತು. ಒಬ್ಬರ ಸಂಶೋಧನೆ ಇನ್ನೊಬ್ಬರ ಯಂತ್ರವನ್ನು ಹಳತಾಗಿಸುವುದು ಹೀಗೆ.

ಭದ್ರಾವತಿ ನಷ್ಟದಲ್ಲೇ ನಡೆಯಿತು. ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು ವೆಚ್ಚ ಕಡಿತ ಮಾಡಿ, ವಿದೇಶಿ ತಜ್ಞರ ಜಾಗದಲ್ಲಿ ಇಲ್ಲಿಯವರನ್ನು ತಯಾರು ಮಾಡಿದರು. 1936ರಲ್ಲಿ ಉಕ್ಕು, 1938ರಲ್ಲಿ ಸಿಮೆಂಟು ಸೇರಿಕೊಂಡವು. ಉಳಿಸಿದ್ದು ಕೊಂಡು ತಂದ ಯಂತ್ರವಲ್ಲ, ಅದನ್ನು ಬದಲಿಸಬಲ್ಲ ಕೈಗಳು.

ಲಾಭ-ನಷ್ಟದ ಪಟ್ಟಿಯಲ್ಲಿ ಸಂಶೋಧನೆ ಆ ವರ್ಷದ ವೆಚ್ಚವಾಗಿ ಕಾಣುತ್ತದೆ. ಫಲ ಬರುವುದು ಬೇರೊಂದು ವರ್ಷದ ಪಟ್ಟಿಯಲ್ಲಿ. ಮಾಡದಿದ್ದ ಸಂಶೋಧನೆಗೆ ಮಾತ್ರ ಪಟ್ಟಿಯಲ್ಲಿ ಸಾಲೇ ಇಲ್ಲ. ಅದರ ನಷ್ಟ ಬೆಲೆ ಕುಸಿತವೆಂಬ ಹೆಸರಿನಲ್ಲಿ ಬಂದು, ಕೊನೆಗೆ ಕಾರ್ಮಿಕರ ಮನೆ ಬಾಗಿಲಲ್ಲಿ ನಿಲ್ಲುತ್ತದೆ.