ತಾಮ್ರದ ತಟ್ಟೆಯೂ ಕಾಂತಸೂಜಿಯೂ

ಅಯಸ್ಕಾಂತಕ್ಕೆ ಒಲಿಯುವ ವಸ್ತುಗಳಾವುವು, ಒಲಿಯದವಾವುವು ಎಂಬ ವಿಂಗಡಣೆ ಬಹು ಪ್ರಾಚೀನವಾದುದು. ವಾಹಕ, ಅವಾಹಕ ಎಂಬ ವಿಂಗಡಣೆಯಾದರೋ 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ನಡೆಸಿದ ಪ್ರಯೋಗಗಳಿಂದ ಹುಟ್ಟಿದುದು: ಸೆಣಬಿನ ಹುರಿಯಲ್ಲಿ ವಿದ್ಯುತ್ತು ನೂರಾರು ಅಡಿ ಸಾಗುತ್ತಿತ್ತು; ಆ ಹುರಿಯನ್ನು ತೂಗುಹಾಕಿದ ರೇಷ್ಮೆಯ ದಾರವು ಅದನ್ನು ಸೋರಗೊಡುತ್ತಿರಲಿಲ್ಲ. ಈ ಎರಡು ವಿಂಗಡಣೆಗಳಿಗೆ ಪರಸ್ಪರ ಸಂಬಂಧವಿರುವಂತೆ ತೋರುತ್ತಿರಲಿಲ್ಲ. ತಾಮ್ರವು ಉತ್ತಮ ವಾಹಕ, ಗಾಜು ಅವಾಹಕ. ಅಯಸ್ಕಾಂತವು ಇವೆರಡನ್ನೂ ಸೆಳೆಯದು.

ಪ್ಯಾರಿಸಿನ ಖಗೋಳಜ್ಞ ಅರಾಗೋ 1824ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದನು. ತಾಮ್ರದ ಮೇಲೆ ತೂಗಾಡುವ ಕಾಂತಸೂಜಿ ಬೇಗನೆ ನಿಶ್ಚಲವಾಗುತ್ತಿದ್ದಿತು. ಮರುವರ್ಷ ಆತನು ಸೂಜಿಯ ಕೆಳಗೆ ತಾಮ್ರದ ತಟ್ಟೆಯನ್ನೇ ತಿರುಗಿಸಲು ಸೂಜಿಯೂ ಅದರ ಬೆನ್ನುಹತ್ತಿ ತಿರುಗಿತು. ಲಂಡನ್ನಿನಲ್ಲಿ ಬ್ಯಾಬೇಜ್ ಮತ್ತು ಹರ್ಷೆಲ್ ಅದೇ ವರ್ಷ ಈ ಪ್ರಯೋಗವನ್ನು ಪರೀಕ್ಷಿಸಿದರು. ಸತು, ತವರ, ಸೀಸಗಳು ತಾಮ್ರಕ್ಕಿಂತ ಕಡಿಮೆಯಾಗಿ ಸೂಜಿಯನ್ನೆಳೆದವು. ಗಾಜು, ಮರಗಳಲ್ಲಿ ಯಾವ ಪರಿಣಾಮವೂ ಕಾಣಲಿಲ್ಲ. ಅಂಚಿನಿಂದ ಕೇಂದ್ರದ ಕಡೆಗೆ ಸೀಳಿದ ತಾಮ್ರದ ತಟ್ಟೆಯ ಬಲ ಕುಗ್ಗಿತು. ಸೀಳನ್ನು ಬೆಸುಗೆಯಿಂದ ತುಂಬಿದಾಗ ಬಹುಮಟ್ಟಿಗೆ ಮರಳಿತು. ಆದರೂ ಅವರು ನೀಡಿದ ವಿವರಣೆ ತಾಮ್ರದಲ್ಲಿ ತಾತ್ಕಾಲಿಕ ಕಾಂತತ್ವ ಹುಟ್ಟಿ, ಅದು ತಡವಾಗಿ ಅಳಿಯುತ್ತದೆಂಬುದು. ಒಂದು ಸೀಳಿನಿಂದ ಕಾಂತತ್ವವೇಕೆ ಕುಗ್ಗಬೇಕು? ಉತ್ತರದ ಸುಳಿವು ಅವರ ಕೈಯಲ್ಲಿಯೇ ಇದ್ದಿತು. ಅದನ್ನು ಓದುವವರು ಬರಬೇಕಾಗಿದ್ದಿತು.

ಹಾಗೆ ಬಂದವನು ಮೈಕೇಲ್ ಫ್ಯಾರಡೆ. 1831ರ ಅಕ್ಟೋಬರ್ 28ರಂದು ಆತನು ರಾಯಲ್ ಸೊಸೈಟಿಯ ಭಾರಿ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ಅಚ್ಚು ಹಾಗೂ ಅಂಚುಗಳಿಂದ ವಿದ್ಯುತ್ಪ್ರವಾಹವನ್ನು ಪಡೆದನು. ಸೂಜಿಯನ್ನೆಳೆಯುವುದು ತಾಮ್ರದಲ್ಲಿ ಅಡಗಿದ ಕಾಂತತ್ವವಲ್ಲ. ಚಲನೆಯಿಂದ ಅದರೊಳಗೆ ಸುತ್ತುವ ಪ್ರವಾಹಗಳು ಉಂಟುಮಾಡುವ ಕಾಂತತ್ವ. ಸೀಳು ಆ ಪ್ರವಾಹದ ಹಾದಿಯನ್ನು ಕಡಿಯುತ್ತದೆ. ಗಾಜಿನಲ್ಲಿಯಾದರೋ ಹಾದಿಯೇ ಇಲ್ಲ. ವಿದ್ಯುದ್ಯಂತ್ರಗಳ ಕಬ್ಬಿಣದ ತಿರುಳನ್ನು ಇಡಿಯಾಗಿ ಎರಕ ಹೊಯ್ಯದೆ, ಅವಾಹಕ ಲೇಪವಿರುವ ತೆಳುಹಾಳೆಗಳಿಂದ ಜೋಡಿಸುವುದೂ ಇದೇ ಕಾರಣದಿಂದ.

ಇಷ್ಟರಿಂದ ಅವಾಹಕಗಳಿಗೆ ಕಾಂತದ ಸೋಂಕೇ ಇಲ್ಲವೆಂದು ಭಾವಿಸುವುದು ಸಲ್ಲದು. 1845ರ ನವೆಂಬರಿನಲ್ಲಿ ಫ್ಯಾರಡೆಯೇ ಸೀಸ ಬೆರೆತ ಭಾರಗಾಜಿನ ಕಂಬಿಯನ್ನು ಪ್ರಬಲವಾದ ವಿದ್ಯುತ್ಕಾಂತದ ಧ್ರುವಗಳ ನಡುವೆ ತೂಗಿಬಿಡಲು, ಅದು ಕಬ್ಬಿಣದಂತೆ ಧ್ರುವಗಳ ನೇರಕ್ಕೆ ನಿಲ್ಲದೆ ಅಡ್ಡವಾಗಿ ನಿಂತಿತು. ಹೀಗೆ ಕಾಂತದಿಂದ ಅತಿ ಮೆಲ್ಲಗೆ ವಿಕರ್ಷಿತವಾಗುವ ವಸ್ತುಗಳ ವರ್ಗಕ್ಕೆ ಆತನು ಗಾಜಿನೊಂದಿಗೆ ತಾಮ್ರವನ್ನೂ ಸೇರಿಸಿದನು. ಆದರೆ ಅದೇ ಧ್ರುವಗಳ ನಡುವೆ ತಾಮ್ರದ ತುಂಡನ್ನು ತಿರುಗಿಸಿ ಕಾಂತವನ್ನು ಚಾಲನೆಗೊಳಿಸಿದಾಗ, ಅದು ದಟ್ಟವಾದ ದ್ರವದಲ್ಲಿ ಸಿಲುಕಿದಂತೆ ಥಟ್ಟನೆ ನಿಲ್ಲುತ್ತಿದ್ದಿತು. ಗಾಜು ಹಾಗೆ ನಿಲ್ಲುತ್ತಿರಲಿಲ್ಲ.